ಉಸಿರು ಕಟ್ಟಿದ ಕಂಪ್ಯೂಟರ್

ನನಗೆ ಬೇಕಾಗಿದ್ದು ಸದ್ದಿಲ್ಲದ ಕಂಪ್ಯೂಟರ್. ಪಕ್ಕದಲ್ಲೇ ಕೂತರೂ ಅದು ಇದೆಯೋ ಇಲ್ಲವೋ ಅನ್ನಿಸಬೇಕು. ಅದಕ್ಕೆಂದೇ 140 ಮಿಲಿಮೀಟರಿನ ಫ್ಯಾನುಗಳನ್ನು ಹಾಕಿಸಿದ್ದೆ. ರೆಕ್ಕೆ ದೊಡ್ಡದಿದ್ದರೆ ನಿಧಾನವಾಗಿ ತಿರುಗಿದರೂ ಬೇಕಾದಷ್ಟು ಗಾಳಿ ಬರುತ್ತದೆ. ಆರು ತಿಂಗಳು ಸುಖವಾಗಿತ್ತು. ಆಮೇಲೆ ಗುಂಯ್ ಅನ್ನತೊಡಗಿತು.

ಬಿಚ್ಚಿ ನೋಡಿದರೆ ಪ್ರೊಸೆಸರಿನ ಬಿಸಿ ಹೀರಿಕೊಳ್ಳುವ ಲೋಹದ ಹೀಟ್‌ಸಿಂಕಿಗೆ ಬೂದು ಬಣ್ಣದ ಕಂಬಳಿ ಹೊದಿಸಿದಂತಿತ್ತು. ತುದಿ ಹಿಡಿದು ಎಳೆದೆ. ಒಂದೇ ಪದರವಾಗಿ ಸುಲಿದು ಬಂತು. ಅದರಲ್ಲಿದ್ದ ಕೂದಲು ನೋಡಿ ಒಮ್ಮೆ ನನ್ನ ತಲೆ ಮುಟ್ಟಿಕೊಂಡೆ.

ಧೂಳಿಗೆ ತಡೆ ಹಾಕಲೇಬೇಕು ಅಂದುಕೊಂಡು ಹಳೇ ಸೊಳ್ಳೆಪರದೆ ಕತ್ತರಿಸಿ ಅಂಟಿಸಿದೆ. ಒಂದು ಸೊಳ್ಳೆಯೂ ಒಳಗೆ ಹೋಗಲಿಲ್ಲ. ಧೂಳು ಮಾತ್ರ ಆರಾಮಾಗಿ ಹೋಯಿತು. ಸರಿ, ದಪ್ಪ ಫೋಮ್ ತಂದೆ. ಹಿಂದೆ ಮುಂದೆ ನೋಡದೆ ಕಂಡ ತೂತಿಗೆಲ್ಲ ಮೆತ್ತಿದೆ. ಸ್ವಿಚ್ ಹಾಕಿದೆ. ಐದು ನಿಮಿಷ ಮೌನ. ಆಮೇಲೆ ಫ್ಯಾನುಗಳೆಲ್ಲ ಒಟ್ಟಿಗೆ ಬೊಬ್ಬೆ ಹಾಕಿದವು. ಗಾಳಿ ಬರದಿದ್ದರೆ ಬಿಸಿ ಏರುತ್ತದೆ, ಬಿಸಿ ಏರಿದರೆ ಮದರ್‌ಬೋರ್ಡು ಫ್ಯಾನಿನ ವೇಗ ಏರಿಸುತ್ತದೆ. ಅದರದೇನು ತಪ್ಪು? ಮೂಗಿಗೆ ಹತ್ತಿ ತುರುಕಿ ಓಡು ಅಂದರೆ ಯಾರಾದರೂ ಏದುಸಿರು ಬಿಡಲ್ವಾ?

ಸದ್ದಿಗೆ ಹೆಂಡತಿ ಬಂದಳು. "ಅಲ್ಲಾರೀ, ಗಾಳಿ ಹೊರಗೆ ಹೋಗೋ ಕಡೆಗೂ ಯಾಕೆ ಹಾಕಿದ್ರಿ? ಒಳಗಿನ ಧೂಳು ಹೊರಗೆ ಬರಬಾರದು ಅಂತಾನಾ?"

ಸುಮ್ನೆ ಕಿತ್ತೆ. ಮುಂದೆ ಎರಡು ಫ್ಯಾನು ಗಾಳಿ ಎಳೆದುಕೊಳ್ಳಲಿ, ಹಿಂದೆ ಒಂದೇ ಹೊರಗೆ ತಳ್ಳಲಿ ಅಂತ ಜೋಡಿಸಿದೆ. ಹೀಗಿದ್ದರೆ ಒಳಗೆ ಒತ್ತಡ ಸ್ವಲ್ಪ ಜಾಸ್ತಿ. ಸಂದಿಗೊಂದಿಗಳಿಂದ ಗಾಳಿ ಹೊರಗೇ ನುಗ್ಗುತ್ತದೆ, ಧೂಳು ಕಳ್ಳದಾರಿಯಲ್ಲಿ ನುಸುಳುವುದು ಕಷ್ಟ. ಬರುವುದಿದ್ದರೆ ಫಿಲ್ಟರ್ ಮೂಲಕವೇ ಬರಬೇಕು. ಇದು ನಾನು ಮಾಡಿದ ಏಕೈಕ ಬುದ್ಧಿವಂತ ಕೆಲಸ.

ಫೋಮ್ ಬದಲು ತೆಳ್ಳನೆ ಜಾಲರಿ ತಂದೆ. ಅಂಚಿನಲ್ಲಿ ಅಯಸ್ಕಾಂತದ ಪಟ್ಟಿ. ಇಟ್ಟರೆ ಸಾಕು, ಕಚ್ಚಿಕೊಳ್ಳುತ್ತೆ ಅಂತ ಡಬ್ಬಿಯ ಮೇಲೆ ಚಿತ್ರವೂ ಇತ್ತು. ಇಟ್ಟೆ. ಬಿತ್ತು. ತಿರುಗಿಸಿ ಇಟ್ಟೆ. ಬಿತ್ತು. ಒಂದು ನಿಮಿಷ ಒತ್ತಿ ಹಿಡಿದು, ಉಸಿರು ಬಿಗಿಹಿಡಿದು ಕೈ ಬಿಟ್ಟೆ. ಮತ್ತೆ ಬಿತ್ತು. ಅಡುಗೆಮನೆಯ ಫ್ರಿಜ್‌ಗೆ ಇಟ್ಟು ನೋಡಿದರೆ ಅಲ್ಲಿ ಗಟ್ಟಿಯಾಗಿ ಕೂತಿತು. ಆಗ ಹೊಳೆಯಿತು, ಚೆಂದ ಇದೆ ಅಂತ ನಾನು ಆರಿಸಿದ್ದು ಅಲ್ಯೂಮಿನಿಯಂ ಕೇಸು!

ಈಗ ಜಾಲರಿ ಟೇಪಿನ ಮೇಲೆ ನಿಂತಿದೆ. ತಿಂಗಳಿಗೊಮ್ಮೆ ಕಿತ್ತು, ತೊಳೆದು, ಪೂರ್ತಿ ಒಣಗಿಸಿ, ಹೊಸ ಟೇಪು ಹಾಕುತ್ತೇನೆ. ಕಂಪ್ಯೂಟರಿನದು ಚೂರೂ ಸದ್ದಿಲ್ಲ. ನಡುರಾತ್ರಿ ಟೇಪು ಬಿಟ್ಟು ಜಾಲರಿ ಪಟಾರ್ ಅಂತ ಬೀಳುವುದು ಮಾತ್ರ ಪಕ್ಕದ ಕೋಣೆವರೆಗೂ ಕೇಳುತ್ತದೆ.