ಪರಾಟಿಯ ಕಲ್ಲು, ನಮ್ಮವರ ಚಕ್ರ

ನಮ್ಮವರಿಗೆ ದೇವರ ಮೇಲೆ ಎಷ್ಟು ನಂಬಿಕೆಯೋ ಗೊತ್ತಿಲ್ಲ, ಸೂಟ್‌ಕೇಸಿನ ಚಕ್ರದ ಮೇಲಂತೂ ಅಪಾರ. ಪ್ರವಾಸ ಅಂದರೆ ಅವರ ಲೆಕ್ಕದಲ್ಲಿ ಮನೆ ಖಾಲಿ ಮಾಡುವುದು. ಪುಟ್ಟ ಕುಕ್ಕರ್, ಸೋನಾ ಮಸೂರಿ, ಪುಳಿಯೋಗರೆ ಗೊಜ್ಜಿನ ಬಾಟಲಿ, ಚಟ್ನಿಪುಡಿ, ಚಳಿಯಾದರೆ ಅಂತ ರಗ್ಗು, ಆಗದಿದ್ದರೆ ಅಂತ ಪಂಚೆ. "ಭಾರ ಆಗುತ್ತೆ ಕಣ್ರೀ" ಅಂದರೆ ಒಂದೇ ಉತ್ತರ: "ಚಕ್ರ ಇದೆಯಲ್ಲೇ!" ಆ ಚಕ್ರಗಳ ಪೈಕಿ ಈಗ ಒಂದೇ ಉಳಿದಿದೆ. ಹಾಲಿನಲ್ಲಿ ಗೋಡೆಗೆ ಒರಗಿ ನಿಂತಿರುವ ಸೂಟ್‌ಕೇಸನ್ನು ದಾಟಿಕೊಂಡು ಓಡಾಡುವಾಗಲೆಲ್ಲ ನನಗೆ ಮೈ ಉರಿಯುತ್ತದೆ.

ಅವರ ಕೆಲಸದ ದೆಸೆಯಿಂದ ನಾವಿರುವುದು ಬ್ರೆಜಿಲಿನ ಸಾವೊ ಪಾಲೊದಲ್ಲಿ. ರಜೆಗೆ ಪರಾಟಿ ನೋಡೋಣ ಅಂದವಳು ನಾನೇ. ರಿಯೊ ಕಡೆಯ ಕರಾವಳಿಯಲ್ಲಿರುವ ಹಳೇ ಪೋರ್ಚುಗೀಸ್ ಊರು, ಬಸ್ಸಿನಲ್ಲಿ ಆರು ಗಂಟೆ ದಾರಿ. ಬೆನ್ನಿಗೆ ದಟ್ಟ ಕಾಡಿನ ಘಟ್ಟ, ಮುಂದೆ ದ್ವೀಪಗಳಿಂದ ತುಂಬಿದ ಕೊಲ್ಲಿ. 2019ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿದೆ. ಫೋಟೊಗಳಲ್ಲಿ ಬಿಳಿ ಗೋಡೆ, ನೀಲಿ ಹಳದಿ ಬಾಗಿಲುಗಳು ಕಣ್ಣು ತುಂಬುತ್ತವೆ. ನೆಲ ಎಂಥದೆಂದು ಯಾರು ನೋಡುತ್ತಾರೆ?

ಹಳೇ ಊರಿನ ಬೀದಿಗಳಿಗೆ ಅಡ್ಡಲಾಗಿ ಸರಪಳಿ ಕಟ್ಟಿದ್ದಾರೆ. ಕಾರು ಒಳಗೆ ಹೋಗುವಂತಿಲ್ಲ. ಟ್ಯಾಕ್ಸಿಯವನು ಸೂಟ್‌ಕೇಸ್ ಇಳಿಸಿ, ಅದನ್ನೊಮ್ಮೆ ನೋಡಿ, ನಮ್ಮನ್ನೊಮ್ಮೆ ನೋಡಿ, ಏನೂ ಹೇಳದೆ ಹೊರಟುಹೋದ. ಸರಪಳಿ ದಾಟಿದ ಕೂಡಲೇ ಕಲ್ಲು ಶುರು. ಚಪ್ಪಡಿಯಲ್ಲ, ಉರುಟು ಕಲ್ಲು. ಒಂದು ತೆಂಗಿನಕಾಯಿ ಗಾತ್ರದ್ದಾದರೆ ಪಕ್ಕದ್ದು ರುಬ್ಬುಗುಂಡಿನ ಗಾತ್ರದ್ದು, ಎರಡರ ನಡುವೆ ಪಾದ ಸಿಕ್ಕಿಕೊಳ್ಳಲು ಬೇಕಾದಷ್ಟು ಜಾಗ. ಸಾಲದ್ದಕ್ಕೆ ಬೀದಿಯೇ ನಡುವಿಗೆ ಇಳಿಜಾರು.

"ಎತ್ಕೊಳ್ರೀ" ಅಂದೆ. "ಚಕ್ರ ಇದೆಯಲ್ಲೇ" ಅಂದರು.

ಗಡಗಡ ಸದ್ದಿಗೆ ಕಿಟಕಿಗಳು ತೆರೆದವು. ನಾಯಿಯೊಂದು ಎದ್ದು ಬೊಗಳುತ್ತ ಜತೆಗೇ ಬಂತು. ಐಸ್‌ಕ್ರೀಮ್ ತಿನ್ನುತ್ತಿದ್ದ ಹುಡುಗರು ತಿನ್ನುವುದನ್ನೇ ನಿಲ್ಲಿಸಿದರು. ಮೊದಲ ತಿರುವಿನಲ್ಲಿ ಒಂದು ಚಕ್ರ ಕಳಚಿತು. ಇವರು ಸೂಟ್‌ಕೇಸನ್ನು ಓರೆ ಮಾಡಿಕೊಂಡು ಎಳೆದರು. ರೊಸಾರಿಯೊ ಚರ್ಚಿನ ಎದುರಿಗೆ ಬರುವಷ್ಟರಲ್ಲಿ ಜಿಪ್ಪೇ ಬಾಯಿಬಿಟ್ಟಿತು. ಪಂಚೆ ಮೊದಲು ಹೊರಬಂತು, ಹಿಂದೆಯೇ ಕುಕ್ಕರ್. ಅದರ ವಿಷಲ್ ಮಾತ್ರ ಟಣ್ ಟಣ್ ಎಂದು ಉರುಳಿ ಕಲ್ಲುಸಂದಿಯಲ್ಲಿ ಮಾಯವಾಯಿತು.

ಕುಕ್ಕರ್ ಹೋದರೂ ಚಿಂತೆಯಿಲ್ಲ, ವಿಷಲ್ ಹೋಗಬಾರದು ಎಂಬ ತರ್ಕ ಯಾವುದೋ, ಇವರು ಅಲ್ಲೇ ಮೊಣಕಾಲೂರಿದರು. ಮೊಬೈಲಿನ ಟಾರ್ಚ್ ಹಿಡಿದು, ಹಣೆ ನೆಲಕ್ಕೆ ತಾಗುವಷ್ಟು ಬಗ್ಗಿ, ಸಂದಿ ಸಂದಿ ಇಣುಕುತ್ತ ಚರ್ಚಿನ ಬಾಗಿಲ ಕಡೆಗೆ ತೆವಳಿದರು. ಆ ದಾರಿಯಲ್ಲಿ ಬಂದ ಅಜ್ಜಿಯೊಬ್ಬರು ಥಟ್ಟನೆ ನಿಂತು, ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡು, ಇವರ ತಲೆ ಮೇಲೆ ಕೈಯಿಟ್ಟು ಏನೋ ಹರಸಿದರು. ಪರದೇಶದಿಂದ ಹರಕೆ ಹೊತ್ತು ಬಂದ ಭಕ್ತ ಅಂದುಕೊಂಡಿರಬೇಕು. ಇವರೂ ತಲೆ ಎತ್ತದೆ "ಒಬ್ರಿಗಾದೊ" ಎಂದು ಪೋರ್ಚುಗೀಸಿನಲ್ಲೇ ಥ್ಯಾಂಕ್ಸ್ ಹೇಳಿದರು. ವಿಷಲ್ ಸಿಕ್ಕಿತು ಅನ್ನಿ. ಅಜ್ಜಿಯ ಆಶೀರ್ವಾದದ ಫಲ ಅಂತ ಇವರ ವಾದ.

ಆ ಗಲಾಟೆಯಲ್ಲಿ ಚರ್ಚಿನ ಮೆಟ್ಟಿಲ ಮೇಲೆ ಪಂಚೆ ಮಡಚುತ್ತ ಕೂತಿದ್ದ ನಾನು, ಅದು ಗುಲಾಮರು ತಮಗಾಗಿ 1725ರಲ್ಲಿ ಕಟ್ಟಿಕೊಂಡ ಚರ್ಚು ಎಂದು ತಿಳಿದದ್ದು ಆಮೇಲೆ. ದಕ್ಕೆಯ ಹತ್ತಿರದ ಸಾಂತಾ ರೀಟಾ, ಬಿಡುಗಡೆ ಪಡೆದ ಮಿಶ್ರವರ್ಣದವರದು, 1722ರದು. ಸಿರಿವಂತ ಬಿಳಿಯರ ಹೆಂಗಸರಿಗೆ ಬೇರೆಯದೇ, 1800ರದು. ದೇವರು ಒಬ್ಬನೇ ಆದರೂ ಬಾಗಿಲು ಬಣ್ಣಕ್ಕೊಂದು. ಈ ಕಲ್ಲುಗಳನ್ನು ಹೊತ್ತು ತಂದು ಹಾಸಿದ್ದು ರೊಸಾರಿಯೊದಲ್ಲಿ ಕೈಮುಗಿಯುತ್ತಿದ್ದ ಜನ. ಅದನ್ನು ಕೇಳಿದ ಮೇಲೆ ಕಲ್ಲಿಗೆ ಹಾಕುತ್ತಿದ್ದ ಶಾಪ ಸ್ವಲ್ಪ ಹೊತ್ತು ನಾಲಿಗೆಯಲ್ಲೇ ಉಳಿಯಿತು. ಸ್ವಲ್ಪ ಹೊತ್ತು ಮಾತ್ರ.

ನೋಡಿದರೆ ಈ ಊರಿನ ಚರಿತ್ರೆಯೇ ಚಕ್ರದ ಜತೆಗಿನ ಜಗಳ. 17ನೇ ಶತಮಾನದ ಕೊನೆಗೆ ಘಟ್ಟದಾಚೆಯ ಮಿನಾಸ್ ಜೆರೈಸ್‌ನಲ್ಲಿ ಚಿನ್ನ ಸಿಕ್ಕಿತು. ಗಾಡಿ ಹತ್ತದ ಕಾಡುದಾರಿಯಲ್ಲಿ ಅದು ಹೇಸರಗತ್ತೆಗಳ ಬೆನ್ನೇರಿ ಪರಾಟಿಗೆ ಇಳಿಯುತ್ತಿತ್ತು, ಇಲ್ಲಿಂದ ಹಡಗಿನಲ್ಲಿ ರಿಯೊಗೆ, ಮುಂದೆ ಲಿಸ್ಬನ್ನಿಗೆ. ಕೊಲ್ಲಿಯಲ್ಲಿ ಕಡಲ್ಗಳ್ಳರ ಕಾಟ. ಗಣಿಯಿಂದ ನೇರ ರಿಯೊಗೇ ಹೊಸ ದಾರಿಯಾಯಿತು, ಪರಾಟಿ ಸೊರಗಿತು. 19ನೇ ಶತಮಾನದಲ್ಲಿ ಕಾಫಿ ಬಂದು ಮತ್ತೆ ಚೇತರಿಸಿಕೊಳ್ಳುವಷ್ಟರಲ್ಲಿ ಘಟ್ಟದ ಮೇಲೆ ರೈಲು ಬಂತು, ಮೂಟೆಗಳು ಅದರಲ್ಲೇ ಹೊರಟವು. 1888ರಲ್ಲಿ ಗುಲಾಮಗಿರಿ ರದ್ದಾದ ಮೇಲೆ ಇದ್ದಬದ್ದ ಜನರೂ ಊರು ಬಿಟ್ಟರು. 1970ರ ದಶಕದಲ್ಲಿ ರಿಯೊ–ಸಾಂಟೋಸ್ ಹೆದ್ದಾರಿ ಬರುವವರೆಗೂ ಹಳೇ ಮನೆ ಕೆಡವಿ ಹೊಸದು ಕಟ್ಟುವಷ್ಟು ದುಡ್ಡು ಯಾರ ಹತ್ತಿರವೂ ಇರಲಿಲ್ಲ. ಬಡತನ ಕಾಪಾಡಿದ ಊರನ್ನು ನೋಡಲು ಈಗ ದುಡ್ಡಿದ್ದವರು ಬರುತ್ತಾರೆ. 2003ರಿಂದ ಸಾಹಿತ್ಯೋತ್ಸವ ಬೇರೆ. ಜರ್ಮನಿಯ ದೊಡ್ಡ ಕಾದಂಬರಿಕಾರ ಥಾಮಸ್ ಮನ್ ಅವರ ತಾಯಿ ಬಾಲ್ಯ ಕಳೆದದ್ದು ಇಲ್ಲೇ ಎಂದು ಲಾಡ್ಜಿನಾಕೆ ಹೆಮ್ಮೆಯಿಂದ ಹೇಳಿದಳು. ಆಕೆ ಈ ಬೀದಿಯಲ್ಲಿ ಹೇಗೆ ಓಡಾಡುತ್ತಿದ್ದಳೋ ಪಾಪ.

ಹುಣ್ಣಿಮೆಯ ಉಬ್ಬರಕ್ಕೆ ಸಮುದ್ರವೇ ಬೀದಿಗೆ ಬರುತ್ತದೆ. ಕಸ ತೊಳೆದುಕೊಂಡು ಹೋಗಲೆಂದೇ ಊರನ್ನು ಹಾಗೆ ಕಟ್ಟಿದ್ದಂತೆ. ಮಧ್ಯಾಹ್ನ ನಡೆದಿದ್ದ ಬೀದಿಯಲ್ಲಿ ಸಂಜೆ ಸಾಂತಾ ರೀಟಾ ಚರ್ಚು ತಲೆಕೆಳಗಾಗಿ ತೇಲುತ್ತಿತ್ತು. ಎಲ್ಲರೂ ಫೋಟೊ ತೆಗೆಯುವವರೇ. ನಮ್ಮವರಿಗೆ ಮಾತ್ರ ಕಲ್ಲುಸಂದಿಯಲ್ಲೇ ಬಿಟ್ಟುಬಂದ ಚಕ್ರ ತೇಲಿ ಬಂದೀತೆಂಬ ಆಸೆ.

ಕೊನೆಗೆ ಕಶಾಸ ಅಂಗಡಿಗೆ ನುಗ್ಗಿದೆವು. ಕಬ್ಬಿನ ಹಾಲಿನಿಂದ ಇಳಿಸುವ ಸಾರಾಯಿ ಅದು. ಈ ಊರಿನದು ಎಷ್ಟು ಹೆಸರುವಾಸಿಯೆಂದರೆ ಒಂದು ಕಾಲಕ್ಕೆ ಬ್ರೆಜಿಲಿನಲ್ಲಿ ಸಾರಾಯಿಗೇ ಪರಾಟಿ ಅನ್ನುತ್ತಿದ್ದರು. "ಲವಂಗ, ಚಕ್ಕೆ ಹಾಕಿದ್ದಾರೆ ಕಣೇ, ಬರೀ ಕಷಾಯ" ಎಂದು ಇವರು ಪುಟ್ಟ ಲೋಟದಲ್ಲಿ ರುಚಿ ನೋಡಿದರು. ಇನ್ನೊಂದು ಬಗೆ, ಮತ್ತೊಂದು ಬಗೆ. ನಾನು ಮುಟ್ಟಲಿಲ್ಲ. ಹೊರಟಾಗ ಇವರು ಆ ಕಲ್ಲುಗಳ ಮೇಲೆ ಹುಟ್ಟಿದೂರಿನಲ್ಲಿ ನಡೆವವರಂತೆ ನೆಟ್ಟಗೆ ಹೋದರು. ಎಡವಿ ದೀಪದ ಕಂಬ ತಬ್ಬಿಕೊಂಡವಳು ನಾನು. ಅಂಗಡಿಯವನು ಓಡಿ ಬಂದು, ಇವರ ಕಡೆ ಒಮ್ಮೆ ಕನಿಕರದಿಂದ ನೋಡಿ, ನನಗೆ ಒಂದು ಲೋಟ ನೀರು ಕುಡಿಸಿ ಹೋದ.