ಎಲೈಜಾ ಹಾರ್ಪರ್ ಅಂದು ಅಡ್ಡ ನಿಂತದ್ದು ಸರಿಯೇ?

ಪರ

1990ರ ಜೂನ್, ಕೆನಡಾದ ಮ್ಯಾನಿಟೋಬಾ ಪ್ರಾಂತ್ಯದ ವಿಧಾನಸಭೆ. ಮುಂದಿದ್ದದ್ದು ಮೀಚ್ ಲೇಕ್ ಒಪ್ಪಂದ, ಅಂದರೆ ಹತ್ತೂ ಪ್ರಾಂತ್ಯಗಳ ಸದನಗಳು ಜೂನ್ 23ರೊಳಗೆ ಒಪ್ಪಬೇಕಿದ್ದ ಸಂವಿಧಾನ ತಿದ್ದುಪಡಿ. ಅದನ್ನು ಕೈಗೆತ್ತಿಕೊಳ್ಳಲು ಎಲ್ಲರ ಒಪ್ಪಿಗೆ ಇದೆಯೇ ಎಂದು ಸ್ಪೀಕರ್ ಕೇಳಿದಾಗಲೆಲ್ಲ ಒಂದೇ ದನಿ ಅಡ್ಡ ಬರುತ್ತಿತ್ತು: "ಇಲ್ಲ." ಕೈಯಲ್ಲಿ ಹದ್ದಿನ ಗರಿ ಹಿಡಿದು ಹಾಗೆ ಹೇಳುತ್ತಿದ್ದವರು ಎಲೈಜಾ ಹಾರ್ಪರ್. ರೆಡ್ ಸಕ್ಕರ್ ಲೇಕ್ ಎಂಬ ಮೂಲನಿವಾಸಿ ಊರಿನವರು, 1981ರಿಂದ ಶಾಸಕರು. ಜೂನ್ 23ರ ಗಡುವು ಹಾಗೇ ದಾಟಿಹೋಯಿತು, ಒಪ್ಪಂದ ಬಿದ್ದುಹೋಯಿತು.

ಇದನ್ನು ಮೊಂಡುತನ ಅನ್ನುವವರು ಮೂರು ವರ್ಷ ಹಿಂದಕ್ಕೆ ಹೋಗಿ ನೋಡಲಿ. 1987ರ ಮಾರ್ಚ್‌ನಲ್ಲಿ ಮೂಲನಿವಾಸಿಗಳ ಸ್ವಯಮಾಡಳಿತದ ಮಾತುಕತೆ ಮುರಿದುಬಿತ್ತು. ಸ್ವಯಮಾಡಳಿತ ಅಂದರೆ ಏನೆಂದು ಮೊದಲು ಬಿಡಿಸಿ ಹೇಳಿ ಎಂಬುದು ಕೆಲವು ಪ್ರಾಂತ್ಯಗಳ ತಕರಾರು. ಮುಂದಿನ ತಿಂಗಳೇ ಪ್ರಧಾನಿ ಮತ್ತು ಹತ್ತು ಪ್ರೀಮಿಯರ್‌ಗಳು (ಪ್ರಾಂತ್ಯಗಳ ಮುಖ್ಯಮಂತ್ರಿಗಳು) ಮೀಚ್ ಲೇಕ್‌ನಲ್ಲಿ ಕೂತು, ಫ್ರೆಂಚ್ ಮಾತಾಡುವವರೇ ಹೆಚ್ಚಿರುವ ಕ್ವಿಬೆಕ್ ಪ್ರಾಂತ್ಯ ಒಂದು 'ವಿಶಿಷ್ಟ ಸಮಾಜ' ಎಂದು ಒಪ್ಪಿಕೊಂಡರು. ಅದನ್ನು ಬಿಡಿಸಿ ಹೇಳಬೇಕು ಅಂತ ಯಾರೂ ಪಟ್ಟು ಹಿಡಿಯಲಿಲ್ಲ. ಮೂಲನಿವಾಸಿಗಳನ್ನು ಆ ಕೋಣೆಗೆ ಕರೆಯಲೂ ಇಲ್ಲ. ಸಿಟ್ಟು ಬರುತ್ತೆ ಅಲ್ವಾ?

ಹಾರ್ಪರ್ ಯಾವ ನಿಯಮವನ್ನೂ ಮುರಿಯಲಿಲ್ಲ. ವಿಷಯ ಎತ್ತಿಕೊಳ್ಳುವ ಮೊದಲು ಕೊಡಬೇಕಾದ ನೋಟಿಸ್ ಅವಧಿಯನ್ನು ಬಿಟ್ಟುಬಿಡಲು ಸರ್ವಾನುಮತ ಬೇಕಿತ್ತು, ಅವರು ಕೊಡಲಿಲ್ಲ, ಅಷ್ಟೇ. ಮೂರು ವರ್ಷ ಸಮಯವಿದ್ದರೂ ರಾಜಧಾನಿ ಒಟ್ಟಾವಾದಲ್ಲಿ ಪ್ರಧಾನಿ, ಪ್ರೀಮಿಯರ್‌ಗಳ ಕೊನೇ ಸಂಧಾನ ಮುಗಿದದ್ದು ಜೂನ್ 9ಕ್ಕೆ. ಬೇಕಂತಲೇ ಕೊನೇ ಗಳಿಗೆವರೆಗೆ ಕಾದು ದಾಳ ಉರುಳಿಸಿದೆ ಎಂಬರ್ಥದಲ್ಲಿ ಪ್ರಧಾನಿ ಮಲ್ರೋನಿಯವರೇ ಪತ್ರಿಕೆಗೆ ಹೇಳಿಕೊಂಡಿದ್ದರು. ಜೂಜಾಡಿದವರು ಅವರು, ಸೋತದ್ದಕ್ಕೆ ಹಾರ್ಪರ್ ಯಾಕೆ ಬೈಸಿಕೊಳ್ಳಬೇಕು?

ವಿರೋಧ

ಸಿಟ್ಟು ನ್ಯಾಯವಾದದ್ದೇ. ಹಿಡಿದ ದಾರಿಯ ಬಗ್ಗೆ ನನ್ನ ತಕರಾರು. 57 ಸದಸ್ಯರ ಸದನ ಅದು. ಹಾರ್ಪರ್ ಅವರದೇ ಪಕ್ಷವಾದ ಎನ್‌ಡಿಪಿಯ (ನ್ಯೂ ಡೆಮಾಕ್ರಟಿಕ್ ಪಾರ್ಟಿ) ನಾಯಕ ಗ್ಯಾರಿ ಡೂಅರ್ ಸೇರಿ ಮೂರೂ ಪಕ್ಷಗಳ ನಾಯಕರು, ಅರೆಮನಸ್ಸಿನಿಂದಲೇ ಆದರೂ, ಒಟ್ಟಾವಾದಲ್ಲಿ ಒಪ್ಪಿ ಬಂದಿದ್ದರು. ವಿರುದ್ಧ ಮತ ಹಾಕಿದ್ದರೆ ಹಾರ್ಪರ್ ಅವರನ್ನು ತಪ್ಪು ಅನ್ನುವಂತಿರಲಿಲ್ಲ. ಅವರು ವಿಷಯವನ್ನು ಮತಕ್ಕೇ ಬಿಡಲಿಲ್ಲ. ನಮಗೆ ಹಿಡಿಸದ ಶಾಸಕನೊಬ್ಬ ನಾಳೆ ಇದೇ ಕೆಲಸ ಮಾಡಿದರೆ ಸುಮ್ನೆ ಇರುತ್ತೇವೆಯೇ?

ನ್ಯೂಫೌಂಡ್‌ಲ್ಯಾಂಡ್ ಪ್ರಾಂತ್ಯ ಕೂಡ ಒಪ್ಪಂದವನ್ನು ಮತಕ್ಕೆ ಹಾಕಲಿಲ್ಲ, ಆದ್ದರಿಂದ ಎಲ್ಲವನ್ನೂ ಒಬ್ಬರ ತಲೆಗೆ ಕಟ್ಟುವುದು ಬೇಡ. ಆದರೆ ತಮ್ಮನ್ನು ದೂಡಿದರು ಎಂಬ ನೋವು ಕ್ವಿಬೆಕ್‌ನಲ್ಲಿ ಬೆಳೆಯಿತು. ಅಲ್ಲಿನ 1995ರ ಜನಮತದಲ್ಲಿ ಕೆನಡಾದಿಂದ ಪ್ರತ್ಯೇಕತೆ ಬೇಡ ಎಂದವರು ಬರೀ ಶೇ. 50.58.

ಮೂಲನಿವಾಸಿಗಳಿಗಾದರೂ ಏನು ದಕ್ಕಿತು? ಅವರ ಸ್ವಯಮಾಡಳಿತದ ಹಕ್ಕನ್ನು ಬರವಣಿಗೆಯಲ್ಲೇ ಒಪ್ಪಿದ್ದ ಶಾರ್ಲಟ್‌ಟೌನ್ ಒಪ್ಪಂದ, ಅಂದರೆ ಸಂವಿಧಾನ ತಿದ್ದುವ ಮುಂದಿನ ಪ್ರಯತ್ನ, 1992ರ ಜನಮತದಲ್ಲಿ ಬಿದ್ದುಹೋಯಿತು. ಹಾರ್ಪರ್ 1993ರಲ್ಲಿ ಲಿಬರಲ್ ಟಿಕೆಟ್ ಮೇಲೆ ಸಂಸತ್ತಿಗೆ ಹೋದರು, 1997ರಲ್ಲಿ ಸೋತರು. ಅಷ್ಟು ದೊಡ್ಡ ತಿದ್ದುಪಡಿಗೆ ಆಮೇಲೆ ಯಾವ ಪ್ರಧಾನಿಯೂ ಕೈಹಾಕಿಲ್ಲ.