ಸರಳೆ ವರಸೆ ಮತ್ತು ಕಳಚುವ ಪಟ್ಟಿಗಳು

ನನ್ನ ಮಗನಿಗೆ ಆಟಿಸಂ ಇದೆ. ಮಾತು ತಡವಾಗಿ ಬಂತು, ಸ್ವರ ಬೇಗ ಬಂತು. ವ್ಯಾಕ್ಯೂಮ್ ಕ್ಲೀನರ್ ಯಾವ ಶ್ರುತಿಯಲ್ಲಿ ಕೂಗುತ್ತದೆ ಅಂತ ಹಾಡಿ ತೋರಿಸುತ್ತಿದ್ದ. (ಅದೇ ಸದ್ದಿಗೆ ಕಿವಿಯನ್ನೂ ಮುಚ್ಚಿಕೊಳ್ಳುತ್ತಿದ್ದ.) ಕರ್ನಾಟಕ ಬಿಟ್ಟು ಇಲ್ಲಿಗೆ ಬಂದ ಮೇಲೆ ಅವನಿಗೆ ಎರಡು ಬಗೆಯ ಸಂಗೀತ ಪಾಠ ಸಿಕ್ಕಿತು. ಒಂದು ದಿನ ಇಲ್ಲಿನ ಟೀಚರ್, ಇನ್ನೊಂದು ದಿನ ವಿಡಿಯೋದಲ್ಲಿ ನಮ್ಮ ಕರ್ನಾಟಕ ಸಂಗೀತದ ಮೇಷ್ಟ್ರು.

ಇಲ್ಲಿನದು ಜರ್ಮನ್ ಸಂಗೀತಗಾರ ಕಾರ್ಲ್ ಆರ್ಫ್ ಮಕ್ಕಳಿಗಾಗಿ ಹಾಕಿಕೊಟ್ಟ ಪದ್ಧತಿ. ಝೈಲೋಫೋನಿನ ಪಟ್ಟಿಗಳನ್ನು ಕಳಚಬಹುದು. ಬೇಡದ ಸ್ವರಗಳನ್ನು ಟೀಚರ್ ಮೊದಲೇ ತೆಗೆದಿಡುತ್ತಾರೆ. ಉಳಿದ ಐದು ಹೆಚ್ಚುಕಮ್ಮಿ ನಮ್ಮ ಮೋಹನ ರಾಗದ ಸ್ವರಗಳೇ. ಎಲ್ಲಿ ಹೊಡೆದರೂ ಹಿತ, ತಪ್ಪು ಮಾಡಲು ಜಾಗವೇ ಇಲ್ಲ. ಹುಡುಗ ಎದ್ದು ಓಡಾಡಿದರೂ ಯಾರೂ ಗದರುವುದಿಲ್ಲ. ಪಾಠದ ಕ್ರಮ ಗೋಡೆಯ ಮೇಲೆ ಚಿತ್ರಗಳಲ್ಲಿರುತ್ತದೆ: ಡ್ರಮ್, ಹಾಡು, ಟಾಟಾ.

ಮೇಷ್ಟ್ರ ಹತ್ತಿರ ಚಕ್ಕಳಮಕ್ಕಳ ಹಾಕಿ ಕೂರಬೇಕು. ಎಂಟೆಣಿಕೆಯ ಆದಿತಾಳಕ್ಕೆ ಒಂದು ಪೆಟ್ಟು, ಕಿರುಬೆರಳಿಂದ ಮೂರು ಎಣಿಕೆ, ಆಮೇಲೆ ಎರಡು ಸಲ ಪೆಟ್ಟು-ಹುಸಿ (ಹುಸಿ ಅಂದ್ರೆ ಅಂಗೈ ಮೇಲೆ ತಿರುಗಿಸುವುದು). ಬೆರಳು ಹೇಳಿದಂತೆ ಕೇಳದ ಮಗುವಿಗೆ ಇದು ಸರ್ಕಸ್ಸೇ ಸರಿ. "ತಾಳ ಹಾಕು, ತಾಳ ಹಾಕು" ಅನ್ನುತ್ತಲೇ ಎರಡು ತಿಂಗಳು ಹೋಯ್ತು. ಹಾಡುತ್ತಿದ್ದ ಹುಡುಗ ಬಾಯಿ ಮುಚ್ಚಿದ.

ಇಷ್ಟಾದರೂ ನನ್ನ ಓಟು ಸರಳೆ ವರಸೆಗೇ, ಅಂದ್ರೆ ಮೇಷ್ಟ್ರು ಕಲಿಸುವ ಮೊದಲ ಸ್ವರಪಾಠಗಳಿಗೇ.

ಯಾಕೆ ಅಂದ್ರೆ, ಅಲ್ಲಿ ಓದಬೇಕಾದ್ದು ಏನೂ ಇಲ್ಲ. ಮೇಷ್ಟ್ರು ಹಾಡುತ್ತಾರೆ, ಇವನು ತಿರುಗಿ ಹಾಡುತ್ತಾನೆ. ಪುರಂದರದಾಸರು ಹಾಕಿಕೊಟ್ಟದ್ದು ಅನ್ನುವ ಈ ದಾರಿಯಲ್ಲಿ ಇವತ್ತೂ ಮಾಯಾಮಾಳವಗೌಳ ರಾಗ, ನಾಳೆಯೂ ಮಾಯಾಮಾಳವಗೌಳ. ಬದಲಾವಣೆಗೆ ಹೆದರುವ ಮಗುವಿಗೆ ಇದಕ್ಕಿಂತ ನೆಮ್ಮದಿ ಬೇಕಾ? ಹೇಳಿದ್ದನ್ನೇ ತಿರುಗಿ ಹೇಳುತ್ತಾನೆ ಅನ್ನುವುದು ಬೇರೆಲ್ಲ ಕಡೆ ಅವನ ಮೇಲಿನ ದೂರು. ಇಲ್ಲಿ ಪಾಠವೇ ಅದು.

ಇಲ್ಲಿನ ಟೀಚರ್ ತುಂಬಾ ಒಳ್ಳೆಯವರು. ಆದರೆ ವರ್ಷವಾದರೂ ಹುಡುಗ ಅದೇ ಐದು ಪಟ್ಟಿಗಳ ಮುಂದೆ ಕೂತಿದ್ದ. "ಖುಷಿಯಾಗಿದ್ದಾನಲ್ಲ" ಅನ್ನುತ್ತಿದ್ದರು. ಏನು ಕಲಿತ ಅಂತ ಯಾರೂ ಕೇಳಲಿಲ್ಲ. ಪಾಲ್ ನಾರ್ಡಾಫ್ ಮತ್ತು ಕ್ಲೈವ್ ರಾಬಿನ್ಸ್ 1959ರಲ್ಲಿ ಜೊತೆಯಾಗಿ ಶುರುಮಾಡಿದಂಥ ಸಂಗೀತ ಚಿಕಿತ್ಸೆ ಬೇರೆ. ಅಲ್ಲಿ ಮಗು ಮಾಡಿದ ಸದ್ದಿಗೆ ಪಿಯಾನೋ ಉತ್ತರ ಕೊಡುತ್ತದೆ, ಒಡನಾಟವೇ ಗುರಿ. ನಾನು ಕೇಳಿದ್ದು ಪಾಠ. ಇಂಥ ಮಕ್ಕಳು ಅಂದ ಕೂಡಲೇ ಎರಡನ್ನೂ ಒಂದೇ ಮಾಡಿಬಿಡುತ್ತಾರೆ, ಅದೇ ನನಗೆ ಸಿಟ್ಟು.

ಕೊನೆಗೆ ಮೇಷ್ಟ್ರನ್ನು ಒಪ್ಪಿಸಿದೆ. ಸುಲಭವಾಗಿ ಒಪ್ಪಲಿಲ್ಲ, ಗೊಣಗಿದರು. ಈಗ ಕೈಯಲ್ಲಿ ತಾಳವಿಲ್ಲ, ಕಾಲಲ್ಲಿದೆ. ಎಂಟು ಹೆಜ್ಜೆ ನಡೆದು ತಿರುಗಿದರೆ ಒಂದು ಆವರ್ತ, ಅಂದ್ರೆ ತಾಳದ ಒಂದು ಸುತ್ತು. ಗೋಡೆಗೆ ಚಿತ್ರಗಳನ್ನೂ ಅಂಟಿಸಿದ್ದೇವೆ. ಮೂರನೇ ಕಾಲದಲ್ಲಿ, ಅಂದ್ರೆ ಮೂರನೇ ವೇಗದಲ್ಲಿ, ಹೆಜ್ಜೆ ಅಷ್ಟೇ ಇದ್ದು ಬಾಯಿ ಮಾತ್ರ ನಾಲ್ಕು ಪಟ್ಟು ಓಡಬೇಕು. ಸದ್ಯಕ್ಕೆ ಕಾಲೂ ಓಡುತ್ತಿದೆ.